ಅತ್ತೆಗೆ ಮಾತ್ರೆ ಸಾಕಂತೆ, ಪಂಪ್ ಬೇಡವಂತೆ

ಓದುಗರ ಪ್ರಶ್ನೆ: ನಮ್ಮದು ಕಾಪು ಹತ್ತಿರದ ಹಳ್ಳಿ. ಅತ್ತೆಗೆ 61 ವರ್ಷ. ಆರೇಳು ವರ್ಷದಿಂದ ದಮ್ಮು ಉಂಟು. ಸಿಗರೇಟು, ಬೀಡಿ ಸೇದಿದವರಲ್ಲ. ಆದರೆ ಮೂವತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದಾರೆ. ಬಚ್ಚಲಿನ ಒಲೆಗೆ ಬೆಂಕಿ ಹಾಕುವವರೂ ಅವರೇ. ಡಾಕ್ಟರು ಅಸ್ತಾಲಿನ್ ಮತ್ತು ಫೋರಾಕಾರ್ಟ್ 200 ಅಂತ ಎರಡು ಪಂಪ್ (ಇನ್ಹೇಲರ್) ಕೊಟ್ಟಿದ್ದಾರೆ. ಫೋರಾಕಾರ್ಟಿನಲ್ಲಿ ಸ್ಟೀರಾಯ್ಡ್ ಇದೆ, ಮೂಳೆ ಸವೆಯುತ್ತದೆ, ಶುಗರ್ ಏರುತ್ತದೆ ಅಂತ ಪಕ್ಕದ ಮನೆಯವರು ಹೇಳಿದ ಮೇಲೆ ಅದು ಎಂಟು ತಿಂಗಳಿಂದ ಕಪಾಟಿನಲ್ಲಿದೆ. ಅಸ್ತಾಲಿನ್ ಎರಡು ತಿಂಗಳಿಗೊಂದು ಮುಗಿಯುತ್ತದೆ. ಜೊತೆಗೆ ಮೆಡಿಕಲ್‌ನಿಂದ ತಂದ ಡೆರಿಫಿಲಿನ್ ಮಾತ್ರೆ ದಿನಕ್ಕೆ ಎರಡು. ಮಳೆ ಶುರುವಾದ ಮೇಲೆ ರಾತ್ರಿ 3 ಗಂಟೆಗೆ ಎದ್ದು ಕೂರುತ್ತಾರೆ. ದುಬೈಯಲ್ಲಿರುವ ನನ್ನ ಗಂಡ ನೆಬ್ಯುಲೈಜರ್ ತಂದುಕೊಟ್ಟಿದ್ದಾರೆ, ಈಗ ದಿನಕ್ಕೆ ನಾಲ್ಕು ಸಲ ಡ್ಯೂಯೋಲಿನ್ ಇಡುತ್ತೇವೆ. ಮೂರು ದಿನದ ಹಿಂದೆ ಉರಿಮೂತ್ರಕ್ಕೆ ಕ್ಲಿನಿಕ್ಕಿನಲ್ಲಿ ಸಿಪ್ರೋಫ್ಲಾಕ್ಸಾಸಿನ್ ಕೊಟ್ಟರು. ಆಮೇಲೆ ವಾಕರಿಕೆ, ಕೈ ನಡುಕ, ಎದೆ ಡವಡವ. ಕಣ್ಣಿನ ಪ್ರೆಷರ್‌ಗೆ ನಾಲ್ಕು ತಿಂಗಳಿಂದ ಡ್ರಾಪ್ಸ್ ಕೂಡ ಹಾಕುತ್ತಾರೆ. ಪಂಪ್ ಅಭ್ಯಾಸ ಆಗಿಬಿಡುತ್ತದಾ? ಮಾತ್ರೆಯಲ್ಲೇ ಸುಧಾರಿಸಬಹುದಾ? ನೆಬ್ಯುಲೈಜರ್ ಎಷ್ಟು ದಿನ ಇಡಬಹುದು?

ಉತ್ತರ:

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು ಕೊನೆಯ ಸಾಲುಗಳಲ್ಲಿ. ವಾಕರಿಕೆ, ನಡುಕ, ಎದೆ ಡವಡವ. ಈ ಭಾಗದ ಉತ್ತರವನ್ನು ಪತ್ರ ಬಂದ ದಿನವೇ ನಿಮಗೆ ತಿಳಿಸಿದ್ದೇನೆ. ಉಳಿದವರಿಗೂ ಗೊತ್ತಿರಲಿ ಅಂತ ಇಲ್ಲಿ ಮತ್ತೆ ಬರೆಯುತ್ತೇನೆ.

ಡೆರಿಫಿಲಿನ್‌ನಲ್ಲಿ ಇರುವುದು ಥಿಯೋಫಿಲಿನ್ ಮತ್ತು ಅದರದೇ ಜಾತಿಯ ಎಟೋಫಿಲಿನ್. ಥಿಯೋಫಿಲಿನ್ ಹಳೆಯ ಮದ್ದು, 1888ರಲ್ಲಿ ಚಹಾ ಎಲೆಯಿಂದ ಬೇರ್ಪಡಿಸಿದ್ದು. ಕಾಫಿಯ ಕೆಫೀನಿನ ಹತ್ತಿರದ ನೆಂಟ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಜಾಗ ತುಂಬಾ ಕಡಿಮೆ. ರಕ್ತದಲ್ಲಿ ಒಂದು ಮಿಲಿಲೀಟರಿಗೆ 20 ಮೈಕ್ರೋಗ್ರಾಂ ದಾಟಿದರೆ ವಾಂತಿ, ನಡುಕ, ನಿದ್ದೆ ಬಾರದಿರುವುದು, ಎದೆಬಡಿತ ಏರುಪೇರು ಎಲ್ಲ ಕಾಣಿಸುತ್ತದೆ. ಇನ್ನೂ ಏರಿದರೆ ಫಿಟ್ಸ್ ಬರಬಹುದು. ಈ ಮದ್ದನ್ನು ಕರಗಿಸಿ ಹೊರಹಾಕುವ ಕೆಲಸ ಲಿವರ್‌ನದು. ಸಿಪ್ರೋಫ್ಲಾಕ್ಸಾಸಿನ್ ಆ ಕೆಲಸವನ್ನು ನಿಧಾನ ಮಾಡಿಬಿಡುತ್ತದೆ. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಕೂಡ ಹಾಗೆಯೇ. ಅತ್ತೆ ನುಂಗುತ್ತಿರುವುದು ಮೊದಲಿನಷ್ಟೇ ಮಾತ್ರೆ, ಆದರೆ ಮೈಯಲ್ಲಿ ಉಳಿಯುತ್ತಿರುವುದು ಜಾಸ್ತಿ.

ಕ್ಲಿನಿಕ್ಕಿನ ಡಾಕ್ಟರಿಗೆ ಡೆರಿಫಿಲಿನ್ ವಿಷಯ ಗೊತ್ತಿರಲಿಕ್ಕಿಲ್ಲ. ಮೆಡಿಕಲ್‌ನಿಂದ ತಾವೇ ತಂದ ಮಾತ್ರೆಯನ್ನು ಯಾರೂ ಡಾಕ್ಟರ ಹತ್ತಿರ ಹೇಳುವುದಿಲ್ಲ, ಅಲ್ವಾ? ಇಂಥ ಲಕ್ಷಣ ಕಂಡರೆ ಮುಂದಿನ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಎರಡೂ ಸ್ಟ್ರಿಪ್ ತೋರಿಸಿ. ಇಸಿಜಿ, ರಕ್ತದ ಪೊಟ್ಯಾಶಿಯಂ ನೋಡಬೇಕಾಗಬಹುದು. ಏಕೆಂದರೆ ಪದೇ ಪದೇ ಇಡುವ ಡ್ಯೂಯೋಲಿನ್ ಕೂಡ ಪೊಟ್ಯಾಶಿಯಂ ಇಳಿಸುತ್ತದೆ, ಎದೆಬಡಿತ ಏರಿಸುತ್ತದೆ. ಎರಡೂ ಸೇರಿದರೆ ಹೃದಯಕ್ಕೆ ಕಷ್ಟ.

ಎರಡನೆಯದು ಕಣ್ಣಿನ ಡ್ರಾಪ್ಸ್. ಹೆಸರು ನೀವು ಬರೆದಿಲ್ಲ. ಬಾಟ್ಲಿ ಕೈಗೆ ತಗೊಂಡು ಓದಿ. ಟಿಮೊಲಾಲ್ ಅಂತ ಇದ್ದರೆ ಕಣ್ಣಿನ ಡಾಕ್ಟರಿಗೆ ಹೇಳಲು ತಡ ಮಾಡಬೇಡಿ. ಕಣ್ಣಿಗೆ ಬಿಟ್ಟ ಹನಿ ಮೂಗಿನ ದಾರಿಯಾಗಿ ರಕ್ತಕ್ಕೆ ಸೇರುತ್ತದೆ. ದಮ್ಮು ಇರುವವರ ಶ್ವಾಸನಾಳ ಬಿಗಿಯಾಗಲು ಆ ಹನಿಯೇ ಸಾಕು. ಮಳೆಯಿಂದ ಜಾಸ್ತಿಯಾಯಿತು ಅಂತ ನೀವು ಅಂದುಕೊಂಡದ್ದರಲ್ಲಿ ಇದರ ಪಾಲೂ ಇರಬಹುದು. ಹಾಗಂತ ಡ್ರಾಪ್ಸ್ ಸುಮ್ನೆ ನಿಲ್ಲಿಸಬೇಡಿ, ಕಣ್ಣಿನ ಪ್ರೆಷರ್ ಏರಿದರೆ ದೃಷ್ಟಿ ಹೋಗುತ್ತದೆ. ಕಣ್ಣಿನ ಡಾಕ್ಟರಿಗೆ "ದಮ್ಮು ಉಂಟು" ಅಂತ ಹೇಳಿದರೆ ಬೇರೆ ಜಾತಿಯ ಡ್ರಾಪ್ಸ್ ಕೊಡುತ್ತಾರೆ. ಕೈ ನಡುಕಕ್ಕೆ, ತಲೆನೋವಿಗೆ ಕೊಡುವ ಪ್ರೊಪ್ರನೊಲಾಲ್ ಮಾತ್ರೆಯೂ ಇದೇ ಜಾತಿಯದು. ಅತ್ತೆಯ ಕೈ ನಡುಗುತ್ತದೆ ಅಂತ ಯಾರಾದರೂ ಅದನ್ನು ಬರೆದುಕೊಡುವ ಮೊದಲು ನೀವೇ ಬಾಯಿ ಬಿಟ್ಟು ಹೇಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ತೋಟಕ್ಕೆ ನೀರು ಬಿಡುವ ಪೈಪ್ ನೆನಪಿಸಿಕೊಳ್ಳಿ. ನೀರು ಕಡಿಮೆ ಬಂದರೆ ಎರಡು ಕಾರಣ ಇರಬಹುದು. ಹೊರಗಿನಿಂದ ಯಾರೋ ಪೈಪಿನ ಮೇಲೆ ಕಾಲಿಟ್ಟಿರಬಹುದು. ಇಲ್ಲವೇ ಒಳಗೆ ಪಾಚಿ ಕಟ್ಟಿರಬಹುದು. ದಮ್ಮಿನಲ್ಲಿ ಎರಡೂ ಒಟ್ಟಿಗೆ ನಡೆಯುತ್ತದೆ. ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಬಾತು ಕಫ ಕಟ್ಟುತ್ತದೆ. ಅಸ್ತಾಲಿನ್‌ನ ಸಾಲ್ಬುಟಮಾಲ್ ಆ ಕಾಲನ್ನು ತೆಗೆಸುತ್ತದೆ. ಐದು ನಿಮಿಷದೊಳಗೆ ಉಸಿರು ಸಡಿಲವಾಗುತ್ತದೆ, ನಾಲ್ಕರಿಂದ ಆರು ಗಂಟೆ ಹಾಗೇ ಇರುತ್ತದೆ. ಪಾಚಿ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ತೆಗೆಯುವುದು ಫೋರಾಕಾರ್ಟಿನಲ್ಲಿರುವ ಸ್ಟೀರಾಯ್ಡ್, ಅಂದರೆ ಬುಡೆಸೊನೈಡ್. ಅದು ನಿಧಾನದ ಕೆಲಸ, ದಿನವೂ ತಗೊಂಡರೆ ಕೆಲವು ದಿನ, ಕೆಲವು ವಾರದಲ್ಲಿ ಗುಣ ಕಾಣುತ್ತದೆ. ಆ ಕೆಲಸ ತಗೊಂಡ ಕೂಡಲೇ ಗೊತ್ತಾಗುವುದಿಲ್ಲ. ಹಾಗಾಗಿಯೇ ಜನ ಅಸ್ತಾಲಿನನ್ನು ನಂಬುತ್ತಾರೆ, ಫೋರಾಕಾರ್ಟನ್ನು ಕಪಾಟಿಗೆ ಸೇರಿಸುತ್ತಾರೆ.

ಅಭ್ಯಾಸ ಆಗುತ್ತದಾ? ಚಟ ಅನ್ನುವ ಅರ್ಥದಲ್ಲಿ ಆಗುವುದಿಲ್ಲ. ಆದರೆ ನಿಮ್ಮ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮೊದಲು ವಾರಕ್ಕೊಮ್ಮೆ ಎಳೆಯುತ್ತಿದ್ದವರು ಆಮೇಲೆ ದಿನಕ್ಕೆ ನಾಲ್ಕು ಸಲ ಎಳೆಯುತ್ತಾರೆ. ನೋಡಿದವರಿಗೆ ಚಟದ ಹಾಗೇ ಕಾಣುತ್ತದೆ. ನಿಜಕ್ಕೂ ಅಲ್ಲಿ ಬೆಳೆಯುತ್ತಿರುವುದು ಒಳಗಿನ ಬಾವು. ಪೈಪಿನ ಮೇಲಿನ ಕಾಲು ತೆಗೆಸುವ ಅಸ್ತಾಲಿನನ್ನೇ ಒಂದೇ ಸಮನೆ ತಗೊಂಡರೆ ಅದರ ಪರಿಣಾಮವೂ ಸ್ವಲ್ಪ ಕುಗ್ಗುತ್ತದೆ. ಆಸ್ತಮಾ ಇರುವವರಿಗೆ ಬರೀ ಸಾಲ್ಬುಟಮಾಲ್ ಕೊಟ್ಟು ಬಿಡಬಾರದು ಅಂತ ಜಗತ್ತಿನ ಆಸ್ತಮಾ ತಜ್ಞರು ಒಟ್ಟಾಗಿ ಬರೆಯುವ ಗೀನಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. 200 ಪಫ್‌ಗಳ ಡಬ್ಬಿ ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಖಾಲಿಯಾದರೇ ಎಚ್ಚರದ ಗಂಟೆ. ನಿಮ್ಮ ಅತ್ತೆಯದು ಎರಡು ತಿಂಗಳಿಗೊಂದು, ಅಂದರೆ ವರ್ಷಕ್ಕೆ ಆರು.

ಸ್ಟೀರಾಯ್ಡ್ ಮಾತಿಗೆ ಒಂದು ಸಣ್ಣ ಲೆಕ್ಕ ಮಾಡೋಣ. ಫೋರಾಕಾರ್ಟ್ 200ರ ಒಂದು ಪಫ್‌ನಲ್ಲಿ 200 ಮೈಕ್ರೋಗ್ರಾಂ ಬುಡೆಸೊನೈಡ್. ಬೆಳಿಗ್ಗೆ ಎರಡು, ರಾತ್ರಿ ಎರಡು ಅಂದರೆ ದಿನಕ್ಕೆ 800 ಮೈಕ್ರೋಗ್ರಾಂ, ಒಂದು ಮಿಲಿಗ್ರಾಮಿಗಿಂತ ಕಡಿಮೆ. ಅದೇ ದಮ್ಮು ಉಲ್ಬಣಿಸಿ ಆಸ್ಪತ್ರೆಗೆ ಸೇರಿದರೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂವರೆಗೆ ಕೊಡುತ್ತಾರೆ, ಐದಾರು ದಿನ. ತೂಕದ ಲೆಕ್ಕದಲ್ಲಿ ಅದರ ಒಂದು ದಿನದ ಡೋಸು ಪಂಪಿನ ಐವತ್ತು ದಿನದ್ದಕ್ಕೆ ಸಮ. ಎರಡರ ಶಕ್ತಿ ಒಂದೇ ಅಲ್ಲ ಅನ್ನುವುದು ನಿಜ. ಆದರೆ ಮಾತ್ರೆ ಇಡೀ ಮೈ ಸುತ್ತಿ ಬರುತ್ತದೆ, ಪಂಪಿನ ಮದ್ದು ಬಹುಪಾಲು ಎದೆಯಲ್ಲೇ ಕೆಲಸ ಮುಗಿಸುತ್ತದೆ. ನಿಮ್ಮ ಪಕ್ಕದ ಮನೆಯವರು ಹೇಳಿದ ಮೂಳೆ, ಶುಗರ್ ತೊಂದರೆ ಮುಖ್ಯವಾಗಿ ಮಾತ್ರೆಯದು. ಪಂಪ್ ಬಿಟ್ಟದ್ದರಿಂದ ಆ ಸ್ಟೀರಾಯ್ಡ್ ಮಾತ್ರೆಯ ದಾರಿ ಹತ್ತಿರವಾಗುತ್ತಿದೆ ಅನ್ನುವುದೇ ನನಗೆ ಬೇಸರದ ಸಂಗತಿ.

ಪಂಪಿನಿಂದ ಏನೂ ತೊಂದರೆ ಇಲ್ಲ ಅಂತ ನಾನು ಹೇಳುವುದಿಲ್ಲ. ಬಾಯಲ್ಲಿ ಬಿಳಿ ಮಚ್ಚೆ ಬರಬಹುದು, ಸ್ವರ ಒಡೆಯಬಹುದು. ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಿದರೆ ಮಚ್ಚೆ ಬಹಳ ಮಟ್ಟಿಗೆ ತಪ್ಪುತ್ತದೆ. ಜಾಸ್ತಿ ಡೋಸು ವರ್ಷಗಟ್ಟಲೆ ಬೇಕಾದವರಿಗೆ ಮೂಳೆ, ಕಣ್ಣಿನ ಪೊರೆ ಮೇಲೆ ಕಣ್ಣಿಡಬೇಕು. ಆದ್ದರಿಂದಲೇ ಹತೋಟಿಗೆ ಬಂದ ಮೇಲೆ ಡಾಕ್ಟರು ಡೋಸು ಇಳಿಸುತ್ತಾ ಹೋಗುತ್ತಾರೆ.

ಪಂಪ್ ತಗೊಂಡರೂ ಗುಣ ಆಗುವುದಿಲ್ಲ ಅನ್ನುವವರಿಗೆ ನಾನು ಕೇಳುವುದು ಒಂದೇ: "ನನಗೊಮ್ಮೆ ತೋರಿಸಿ ನೋಡುವ." ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದ ಒಬ್ಬರು ಒಂದೇ ಮಳೆಗಾಲದಲ್ಲಿ ಮೂರನೇ ಸಲ ವಾರ್ಡಿಗೆ ಬಂದಿದ್ದರು. ಫೈಲಿನಲ್ಲಿ ಇನ್ಹೇಲರ್‌ಗೆ ಬಗ್ಗುತ್ತಿಲ್ಲ ಅಂತ ಬರೆದಿತ್ತು. ತೋರಿಸಿ ಅಂದೆ. ಮುಚ್ಚಳ ತೆಗೆದರು, ಅಲ್ಲಾಡಿಸಲಿಲ್ಲ, ಬಾಯಿಗೆ ಇಟ್ಟು ಒತ್ತಿದರು. ಉಸಿರು ಎಳೆಯುವ ಮೊದಲೇ ಬಿಳಿ ಹೊಗೆ ತುಟಿ, ಮೂಗಿನಿಂದ ಹೊರಗೆ ಬಂತು. ಆ ಬಿಳಿ ಹೊಗೆಯೇ ಮದ್ದು! "ಹೊಗೆ ಬಂದರೆ ಸರಿ ಹೋಯಿತು ಅಂತ ಲೆಕ್ಕ ಅಲ್ವಾ ಸಿಸ್ಟರ್?" ಅಂದರು ಅವರು. ಎರಡು ವರ್ಷ ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಪುಡಿ ತುಂಬಿದ ರೋಟಾಕ್ಯಾಪ್ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ನೀರಿನ ಜೊತೆ ನುಂಗಿದ ಅಜ್ಜಿಯನ್ನೂ ನೋಡಿದ್ದೇನೆ. ತಪ್ಪು ಅವರದಲ್ಲ. ಚೀಟಿ ಬರೆದವರು, ಕೌಂಟರಿನಲ್ಲಿ ಕೊಟ್ಟವರು, ಡಿಸ್ಚಾರ್ಜ್ ಮಾಡಿದ ನಮ್ಮಂಥ ನರ್ಸುಗಳು, ಯಾರಾದರೊಬ್ಬರು ಐದು ನಿಮಿಷ ಕೂತು ಹೇಳಬೇಕಿತ್ತು.

ಅತ್ತೆಗೆ ಸ್ಪೇಸರ್ ತಂದುಕೊಡಿ. ಬಾಟ್ಲಿಯಂಥ ಪ್ಲಾಸ್ಟಿಕ್ ಕೊಳವೆ, ಒಂದು ಬದಿಗೆ ಪಂಪ್, ಇನ್ನೊಂದು ಬದಿಗೆ ಬಾಯಿ. ಒತ್ತುವುದೂ ಎಳೆಯುವುದೂ ಒಂದೇ ಕ್ಷಣದಲ್ಲಿ ಆಗಬೇಕು ಅನ್ನುವ ಕಷ್ಟ ಇದರಲ್ಲಿ ಇಲ್ಲ. ನೆಟ್ಟಗೆ ಕೂರಲಿ. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ ಸ್ಪೇಸರಿಗೆ ಸಿಕ್ಕಿಸಿ. ಅವರು ಉಸಿರು ಪೂರ್ತಿ ಹೊರಗೆ ಬಿಟ್ಟು, ಬಾಯಿಗೆ ಬಿಗಿಯಾಗಿ ಇಟ್ಟುಕೊಳ್ಳಲಿ. ಒಂದೇ ಪಫ್ ಒತ್ತಿ. ನಿಧಾನವಾಗಿ, ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಲಿ. ಹಿಡಿಯಲು ಆಗದಿದ್ದರೆ ಅದರಲ್ಲೇ ನಾಲ್ಕೈದು ಸಲ ಸಹಜವಾಗಿ ಉಸಿರಾಡಿದರೂ ಸಾಕು. ಎರಡನೇ ಪಫ್‌ಗೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ. ಸ್ಪೇಸರನ್ನು ಸೋಪು ನೀರಿನಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಒಳಗೆ ವಿದ್ಯುತ್ ಹುಟ್ಟಿ ಮದ್ದು ಗೋಡೆಗೆ ಅಂಟುತ್ತದೆ. ಜೋರು ಮಳೆಯ ನಮ್ಮ ಆಟಿ ತಿಂಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹಾಗಾಗಿ ಹಿಂದಿನ ಸಂಜೆಯೇ ತೊಳೆದು ಫ್ಯಾನ್ ಕೆಳಗೆ ಇಟ್ಟುಬಿಡಿ.

ಕಪಾಟಿನಲ್ಲಿರುವ ಹಳೆಯ ಡಬ್ಬಿಯ ಎಕ್ಸ್‌ಪೈರಿ ನೋಡಿ. ತಾರೀಕು ಮುಗಿದಿಲ್ಲ ಅಂದರೆ ಮೊದಲ ಒಂದೆರಡು ಪಫ್ ಗಾಳಿಗೆ ಬಿಡಬೇಕು. ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ಖಾಲಿಯಾಗಿದೆಯೋ ನೋಡುವ ಕ್ರಮ ತಪ್ಪು. ಎಣಿಕೆ ತೋರಿಸುವ ಕಿಟಕಿ ಇದ್ದರೆ ಅದನ್ನು ನೋಡಿ, ಇಲ್ಲದಿದ್ದರೆ ಶುರು ಮಾಡಿದ ತಾರೀಕು ಬರೆದಿಡಿ. ದಿನಕ್ಕೆ ನಾಲ್ಕು ಪಫ್ ಅಂದರೆ 120 ಪಫ್‌ಗಳ ಡಬ್ಬಿ ಸರಿಯಾಗಿ 30 ದಿನ ಬರುತ್ತದೆ.

ಪುಡಿಯ ಇನ್ಹೇಲರ್ ಆದೀತಾ ಅಂತ ಕೆಲವರು ಕೇಳುತ್ತಾರೆ. ಆದೀತು, ಆದರೆ ಅದನ್ನು ಜೋರಾಗಿ ಎಳೆಯಬೇಕು. ದಮ್ಮು ಹತ್ತಿದಾಗ ವಯಸ್ಸಾದವರಿಗೆ ಆ ಶಕ್ತಿ ಇರುವುದಿಲ್ಲ. ಇನ್ನೊಂದು, ನಮ್ಮ ಮಳೆಗಾಲದ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಕ್ಯಾಪ್ಸೂಲನ್ನು ಮೊದಲೇ ಹಾಕಿ ಇಡಬಾರದು, ಅದರೊಳಗೆ ಉಸಿರು ಬಿಡಲೂಬಾರದು.

ನೆಬ್ಯುಲೈಜರ್ ಬಗ್ಗೆ ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ. ಯಂತ್ರ ಸದ್ದು ಮಾಡುತ್ತದೆ, ಹಬೆ ಬರುತ್ತದೆ, ಹಾಗಾಗಿ ದೊಡ್ಡ ಚಿಕಿತ್ಸೆ ಅನ್ನಿಸುತ್ತದೆ. ಸಾಧಾರಣ ದಮ್ಮಿಗೆ ಸ್ಪೇಸರ್ ಹಾಕಿದ ಪಂಪ್ ಅಷ್ಟೇ ಕೆಲಸ ಮಾಡುತ್ತದೆ. ಡ್ಯೂಯೋಲಿನ್‌ನ ಒಂದು ರೆಸ್ಪ್ಯೂಲ್‌ನಲ್ಲಿ (ಒಂದು ಸಲಕ್ಕೆ ಹಾಕುವ ಪುಟ್ಟ ಪ್ಲಾಸ್ಟಿಕ್ ಡಬ್ಬಿ) 1.25 ಮಿಲಿಗ್ರಾಂ ಲೆವೊಸಾಲ್ಬುಟಮಾಲ್ ಇದೆ. ಅದು ಸಾಲ್ಬುಟಮಾಲಿನದೇ ಒಂದು ರೂಪ. ಅಂದರೆ ಅದೇ ಮದ್ದಿನ 50 ಮೈಕ್ರೋಗ್ರಾಂ ಪಂಪಿನ 25 ಪಫ್‌ಗಳಷ್ಟು. ತುಂಬ ಭಾಗ ಗಾಳಿಗೆ ಹೋಗುತ್ತದೆ ನಿಜ, ಆದರೂ ದಿನಕ್ಕೆ ನಾಲ್ಕು ಸಲ ಇಟ್ಟರೆ ಕೈ ನಡುಗದೆ ಇನ್ನೇನು? ಅದರಲ್ಲಿರುವ ಇನ್ನೊಂದು ಮದ್ದು ಇಪ್ರಾಟ್ರೋಪಿಯಂ. ಅದರ ಹಬೆ ಮಾಸ್ಕಿನ ಸಂದಿಯಿಂದ ಕಣ್ಣಿಗೆ ಹೋದರೆ ಕಣ್ಣಿನ ಪ್ರೆಷರ್ ಏರಬಹುದು. ನಿಮ್ಮ ಅತ್ತೆಗೆ ಅದು ಮೊದಲೇ ಇದೆ. ಇಡಲೇಬೇಕಾದರೆ ಮಾಸ್ಕಿನ ಬದಲು ಬಾಯಿಗೆ ಇಡುವ ಕೊಳವೆ ಬಳಸಿ. ಪ್ರತಿ ಸಲವೂ ಕಪ್ ತೊಳೆದು ಒಣಗಿಸಿ. ಮದ್ದಿಗೆ ನಲ್ಲಿ ನೀರು, ಬಾವಿ ನೀರು ಬೆರೆಸಲೇಬಾರದು, ಬೇಕಾದರೆ ನಾರ್ಮಲ್ ಸಲೈನ್ ಮಾತ್ರ.

ಮನೆಯಲ್ಲಿರುವ ನೆಬ್ಯುಲೈಜರಿನ ದೊಡ್ಡ ಅಪಾಯ ಬೇರೆಯೇ. "ಇನ್ನೊಂದು ಇಟ್ಟು ನೋಡುವ" ಅಂತ ರಾತ್ರಿಯಿಡೀ ಕಾಯುತ್ತಾರೆ. ವಾರ್ಡಿಗೆ ಬೆಳಿಗ್ಗೆ ಬರುವ ಕೆಲವರನ್ನು ರಾತ್ರಿಯೇ ಕರೆತಂದಿದ್ದರೆ ಅನ್ನಿಸಿದ್ದು ಎಷ್ಟೋ ಸಲ. ಒಂದು ವಾಕ್ಯ ಪೂರ್ತಿ ಮಾಡಲು ಆಗುತ್ತಿಲ್ಲ, ತುಟಿ ನೀಲಿಯಾಗಿದೆ, ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ 90ಕ್ಕಿಂತ ಕೆಳಗಿದೆ, ಮದ್ದು ಇಟ್ಟು ನಾಲ್ಕು ಗಂಟೆಯೊಳಗೆ ಮತ್ತೆ ಬೇಕಾಗುತ್ತಿದೆ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಸುಯ್ ಸುಯ್ ಸದ್ದು ನಿಂತು ಮಂಕು ಕವಿದರೆ ಗುಣವಾಯಿತು ಅಂತ ತಿಳಿಯಬೇಡಿ, ಗಾಳಿಯೇ ಒಳಗೆ ಹೋಗುತ್ತಿಲ್ಲ ಅಂತ ಅರ್ಥ. ಹೊರಡುವಾಗ, ದಾರಿಯಲ್ಲಿ ಅಸ್ತಾಲಿನನ್ನು ಸ್ಪೇಸರ್‌ನಲ್ಲಿ ಒಂದೊಂದೇ ಪಫ್‌ನಂತೆ ನಾಲ್ಕರಿಂದ ಹತ್ತರವರೆಗೆ ಕೊಡಬಹುದು.

ಇದು ಆಸ್ತಮಾ ಹೌದಾ ಅನ್ನುವ ಸಂಶಯವೂ ನನಗಿದೆ. ಸೇದದವರಿಗೂ ಒಲೆ ಹೊಗೆಯಿಂದ ಸಿಒಪಿಡಿ, ಅಂದರೆ ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಕಾಯಿಲೆ, ಬರುತ್ತದೆ. ಚಂಡಿ ಸೌದೆ, ಮಡಲು, ಗೆರಟೆ ಹಾಕಿ ಬಚ್ಚಲಿನಲ್ಲಿ ಊದುವಾಗ ಮುಖ ಹೊಗೆಯ ಎದುರಿಗೇ ಇರುತ್ತದೆ. ಬೀಡಿ ಕಟ್ಟುವವರ ಗೆರಸೆಯಲ್ಲಿ ಹೊಗೆಸೊಪ್ಪಿನ ಧೂಳು ಮೂಗಿಗೆ ಒಂದು ಗೇಣು ದೂರ. ಸ್ಪೈರೋಮೆಟ್ರಿ ಅಂತ ಊದುವ ಪರೀಕ್ಷೆ ಮಾಡಿಸಿ. ಮದ್ದು ಕೊಡುವ ಮೊದಲು, ಕೊಟ್ಟ ಮೇಲೆ, ಎರಡು ಸಲ ಊದಿಸುತ್ತಾರೆ. ಮಂಗಳೂರು, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಇದೆ. ಸಿಒಪಿಡಿ ಅಂತಾದರೆ ಟಿಯೋಟ್ರೋಪಿಯಂನಂಥ ಬೇರೆ ಪಂಪ್ ಮುಖ್ಯವಾಗಬಹುದು. ಆಗ ಸ್ಟೀರಾಯ್ಡ್ ಪಂಪಿನ ಲೆಕ್ಕವೂ ಬೇರೆ, ಅಂಥವರಲ್ಲಿ ನ್ಯುಮೋನಿಯಾ ಸ್ವಲ್ಪ ಜಾಸ್ತಿ. ಫೋರಾಕಾರ್ಟಿನಲ್ಲಿ ಬುಡೆಸೊನೈಡ್ ಜೊತೆ ಶ್ವಾಸನಾಳವನ್ನು ಬೇಗ ಸಡಿಲಿಸುವ ಫಾರ್ಮೊಟೆರಾಲ್ ಕೂಡ ಇದೆ. ಹಾಗಾಗಿ ಆಸ್ತಮಾ ಅಂತಾದರೆ ಅದೊಂದನ್ನೇ ದಿನದ ಮದ್ದಾಗಿಯೂ ದಮ್ಮು ಹತ್ತಿದಾಗಿನ ಮದ್ದಾಗಿಯೂ ಬಳಸುವ ಕ್ರಮ ಇದೆ. ಪಂಪ್ ಎರಡಿದ್ದರೆ ಗೊಂದಲವಾಗುವ ನಿಮ್ಮ ಅತ್ತೆಯಂಥವರಿಗೆ ಅದು ಸುಲಭ. ಎಷ್ಟು ಪಫ್‌ವರೆಗೆ ಅನ್ನುವುದನ್ನು ಮಾತ್ರ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಬೀಡಿ ಕಟ್ಟುವುದನ್ನು ಬಿಡಿಸಿ ಅಂತ ಹೇಳುವುದು ನನಗೆ ಸುಲಭ. ಆದರೆ ಕಟ್ಟಿದ ಬೀಡಿ ಕೊಡುವ ಬ್ರಾಂಚಿನಿಂದ ಬರುವ ಆ ದುಡ್ಡು ಅವರದೇ ಕೈದುಡ್ಡು, ಅದರ ಬೆಲೆ ನನಗೆ ಗೊತ್ತು. ಬಿಡಲು ಆಗದಿದ್ದರೆ ಮುಚ್ಚಿದ ಕೋಣೆ ಬೇಡ, ಜಗಲಿಯಲ್ಲಿ ಕೂತು ಕಟ್ಟಲಿ, ಮೂಗಿಗೆ ಮಾಸ್ಕ್ ಇರಲಿ. ಬಚ್ಚಲಿನ ಬೆಂಕಿಯ ಕೆಲಸವನ್ನು ಇವತ್ತಿನಿಂದಲೇ ಬೇರೆ ಯಾರಾದರೂ ಮಾಡಿ. ಮಲಗುವ ಕೋಣೆಯ ಗೋಡೆಯಲ್ಲಿ ಬೂಷ್ಟು ಹಿಡಿದಿದ್ದರೆ ಅವರ ಮಂಚವನ್ನು ಬೇರೆ ಕೋಣೆಗೆ ಸರಿಸಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಮಳೆಗಾಲಕ್ಕೆ ಮೊದಲೇ ಹಾಕಿಸಿ.

ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದು ನಮ್ಮ ಊರಿನ ಕ್ರಮ, ಮರ ಸರಿಯಾಗಿ ಗುರುತಿಸುವವರು ತಂದದ್ದಾದರೆ ನನ್ನ ತಕರಾರಿಲ್ಲ. ದಮ್ಮಿಗೆ ಮದ್ದು ಅದಲ್ಲ, ಅಷ್ಟೇ. ಲೇಬಲ್ ಇಲ್ಲದ ಪೊಟ್ಟಣದ ಪುಡಿ ಮಾತ್ರ ಬೇಡವೇ ಬೇಡ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿದೆ. ಮೂರೇ ದಿನದಲ್ಲಿ ಗುಣ ಕಾಣುವುದು ಅದರಿಂದಲೇ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಚೀಲದಲ್ಲಿ ಎಲ್ಲವನ್ನೂ ತಗೊಂಡು ಹೋಗಿ. ಎರಡೂ ಪಂಪ್, ಡೆರಿಫಿಲಿನ್ ಸ್ಟ್ರಿಪ್, ಸಿಪ್ರೋ ಸ್ಟ್ರಿಪ್, ಕಣ್ಣಿನ ಡ್ರಾಪ್ಸ್, ಬಿಪಿ ಮತ್ತು ನೋವಿನ ಮಾತ್ರೆ ಇದ್ದರೆ ಅದೂ. ಕಳೆದ ಒಂದು ವಾರ ರಾತ್ರಿ ಎಷ್ಟು ಸಲ ಎದ್ದರು, ನೆಬ್ಯುಲೈಜರ್ ಎಷ್ಟು ಸಲ ಇಟ್ಟಿರಿ ಅಂತ ಒಂದು ಕಾಗದದಲ್ಲಿ ಬರೆದಿಡಿ. ಹೊರಡುವ ಮೊದಲು ಅಲ್ಲಿಯ ಸಿಸ್ಟರ ಎದುರು ಅತ್ತೆ ಒಂದು ಪಫ್ ತಗೊಂಡು ತೋರಿಸಲಿ. ನೀವೂ ಪಕ್ಕದಲ್ಲಿ ನಿಂತು ನೋಡಿ, ಯಾಕೆಂದರೆ ರಾತ್ರಿ 3 ಗಂಟೆಗೆ ಎದ್ದು ಪಂಪ್ ಅಲ್ಲಾಡಿಸಿ ಕೊಡುವವರು ನೀವೇ.